ರಜೆ ಹಾಕದ ಮಿಷನ್ನು

ನಮ್ಮೂರಿಗೆ ಹೊಸದಾಗಿ ಬಂದವರು ಮೊದಮೊದಲು ಮೆಕ್ಯಾನಿಕ್ಕನನ್ನು ಹುಡುಕಿಕೊಂಡು ಓಡಾಡುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ. ಮನೆಯ ಮಿಕ್ಸರು ಒಂದು ಬೆಳಿಗ್ಗೆ ಗಪ್ಪನೆ ಕೂತುಬಿಟ್ಟರೆ ಅದಕ್ಕೆ ಏನೂ ಆಗಿರುವುದಿಲ್ಲ. ಕರೆಂಟು ಇರುತ್ತದೆ, ವೈರು ಸರಿ ಇರುತ್ತದೆ, ಆದರೂ ತಿರುಗುವುದಿಲ್ಲ. ಅಂದು ಅದಕ್ಕೆ ರಜೆ, ಅಷ್ಟೇ. ಮರುದಿನ ಗುಂಡಿ ಒತ್ತಿದರೆ ಏನೂ ನಡೆದೇ ಇಲ್ಲವೆಂಬಂತೆ ಗುರ್ರೆನ್ನುತ್ತದೆ. ಹಿಟ್ಟಿನ ಗಿರಣಿ ರಜೆ ಹಾಕಿದ ದಿನ ರೊಟ್ಟಿ ತಿನ್ನುವ ಮಂದಿಯೆಲ್ಲ ಅನ್ನ ಉಣ್ಣುತ್ತಾರೆ. ದರ್ಜಿಯ ಮಿಷನ್ನು ರಜೆ ಹಾಕಿದರೆ ಮದುಮಗಳು ಅರ್ಧ ಹೊಲಿದ ಕುಪ್ಪಸಕ್ಕೆ ಪಿನ್ನು ಚುಚ್ಚಿಕೊಂಡೇ ಅಕ್ಷತೆ ಹಾಕಿಸಿಕೊಳ್ಳುತ್ತಾಳೆ, ಯಾರೂ ಮೂಗು ಮುರಿಯುವುದಿಲ್ಲ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಿನ ನಾಯಿಗಳು ಯಾಕೆ ಬೊಗಳುತ್ತವೆ ಎಂದು ನಾನೇನಾದರೂ ಕೇಳಿದ್ದೇನೆಯೇ?

ಊರಿನ ನಟ್ಟನಡುವೆ ಇರುವುದು ನಲ್ಲಿ ಕಾರ್ಖಾನೆ. ಹಿತ್ತಾಳೆಯನ್ನು ಎರಕ ಹೊಯ್ದು, ಕೊರೆದು, ಥ್ರೆಡ್ಡು ಹಾಕಿ, ಉಜ್ಜಿ ಹೊಳಪು ಕೊಟ್ಟು ನೀರಿನ ನಲ್ಲಿಗಳನ್ನು ಮಾಡಿ ಕಳಿಸುವ ಕಾರ್ಖಾನೆ. ಅಲ್ಲಿ ವಾರದ ರಜೆ ಎಂಬುದಿಲ್ಲ. ಮಿಷನ್ನಿನ ರಜೆಯೇ ಆಳಿನ ರಜೆ. ಮಿಷನ್ನು ರಜೆ ಹಾಕಿದರೆ ಅದನ್ನು ನಡೆಸುವ ಆಳು ತನ್ನ ಹೆಗಲ ಮೇಲಿನ ವಸ್ತ್ರವನ್ನು ಅದಕ್ಕೆ ಹೊದಿಸಿ ಮನೆಗೆ ಹೋಗಬೇಕು, ಪಗಾರ ಸಮೇತ. ಆ ದಿನ ಅವನು ಬೇರೊಂದು ಮಿಷನ್ನಿನ ಮುಂದೆ ನಿಲ್ಲುವಂತಿಲ್ಲ. ಹೊದಿಸಿದ ವಸ್ತ್ರವನ್ನು ಮ್ಯಾನೇಜರು ಕೂಡ ಎತ್ತುವಂತಿಲ್ಲ. ಹೀಗಾಗಿ ಎಲ್ಲರ ಮನೆಯಲ್ಲಿಯೂ "ಮಿಷನ್ ರಜಾ ಹಾಕಿದಾಗ" ಮಾಡಬೇಕಾದ ಕೆಲಸಗಳು ಸಾಲುಗಟ್ಟಿ ಕಾಯುತ್ತಿರುತ್ತವೆ. ಹಲ್ಲು ಕೀಳಿಸುವುದು, ಮಗನಿಗೆ ಹೆಣ್ಣು ನೋಡಿ ಬರುವುದು, ಸೋರುವ ಮಾಳಿಗೆಗೆ ಮಣ್ಣು ಹಾಕುವುದು. ಸಂಜೆ ಕೆಲಸ ಮುಗಿದ ಭೋಂಗಾ ಕೂಗಿದಾಗ ಆಳುಗಳು ಮಿಷನ್ನು ಒರೆಸಿ, ಅದರ ಬೆನ್ನು ತಟ್ಟಿ, "ನಾಳೆ ಬರ್ತೀಯಿಲ್ಲೋ?" ಎಂದು ಕೇಳಿಯೇ ಹೊರಡುತ್ತಾರೆ. ಉತ್ತರ ಬಂದದ್ದನ್ನು ಯಾರೂ ಕೇಳಿಲ್ಲ. ಕೇಳದೆ ಹೊರಟವರನ್ನು ನಾನಂತೂ ನೋಡಿಲ್ಲ.

ನಾನು ಇದೇ ಊರಿನ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ವಿಭಾಗದ ಮೇಷ್ಟ್ರಮ್ಮ. ಜಾಲಿಹಾಳ ಮೇಡಂ ಎಂದರೆ ಹುಡುಗರು ಕಾರಿಡಾರಿನಲ್ಲಿ ಮೊಬೈಲು ಜೇಬಿಗಿಳಿಸುತ್ತಾರೆ, ಅಷ್ಟರಮಟ್ಟಿಗೆ ನನ್ನ ಬಾಯಿ ಊರಿಗೆ ಗೊತ್ತು. ನನ್ನ ವಿಭಾಗಕ್ಕಿದ್ದ ಕಳಂಕ ಒಂದೇ. ಕಂಪ್ಯೂಟರುಗಳು ರಜೆ ಹಾಕುತ್ತಿರಲಿಲ್ಲ. ಲ್ಯಾಬಿನಲ್ಲಿ ಯಾರು ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಕೂರುತ್ತಿದ್ದರು, ಯಾರ ಬೆರಳು ಬಿದ್ದರೂ ಅವು ಹೊತ್ತಿಕೊಳ್ಳುತ್ತಿದ್ದವು. ಊರವರಿಗೆ ಅದು ಸರಿ ಕಾಣುತ್ತಿರಲಿಲ್ಲ. "ಒಂದು ದಿನಾನೂ ರಜಾ ಹಾಕಂಗಿಲ್ಲ ಅಂದ್ರ ಅದೆಂಥಾ ಮಿಷನ್ರಿ?" ಎಂದು ಹಾಲಿನವನೂ ನನ್ನನ್ನು ಕೇಳಿದ್ದುಂಟು. ಫಿಟ್ಟರ್ ವಿಭಾಗದವರನ್ನು ನಲ್ಲಿ ಕಾರ್ಖಾನೆ ಬಾಗಿಲಲ್ಲೇ ಬರಮಾಡಿಕೊಳ್ಳುತ್ತಿತ್ತು. ನನ್ನ ಹುಡುಗರನ್ನು ಗೇಟಿನವನು "ಯಾರು ಬೇಕಾಗಿತ್ತು?" ಎಂದು ಕೇಳಿ ವಾಪಸು ಕಳಿಸುತ್ತಿದ್ದ.

ಆ ಗೇಟಿನ ಮೇಲೆ ಕಣ್ಣಿಟ್ಟವಳು ಮಹಾನಂದಾ ಕಮ್ಮಾರ, ನನ್ನ ಕೊನೆಯ ವರ್ಷದ ವಿದ್ಯಾರ್ಥಿನಿ. ಕಾರ್ಖಾನೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ಅವಳ ಮನೆ. ಹುಟ್ಟಿದಾಗಿನಿಂದ ಲೇತುಗಳ ಸದ್ದು ಕೇಳುತ್ತ ಬೆಳೆದವಳು, ಸದ್ದಿನಿಂದಲೇ ಇಂದು ಯಾವ ಮಿಷನ್ನು ಬಂದಿಲ್ಲ ಎಂದು ಹೇಳುತ್ತಿದ್ದಳು. ಫಿಟ್ಟರ್ ವಿಭಾಗಕ್ಕೆ ಹುಡುಗಿಯರನ್ನು ತೆಗೆದುಕೊಳ್ಳುವುದಿಲ್ಲ ಎಂದದ್ದಕ್ಕೆ ಕಂಪ್ಯೂಟರಿಗೆ ಬಂದಿದ್ದಳು. ಆ ವರ್ಷ ಕಾರ್ಖಾನೆಯೊಳಗೆ ಹೆಜ್ಜೆ ಇಡದಿದ್ದರೆ ಮುಗಿಯಿತು. ಅವಳ ಸೋದರಮಾವ ದೂರದ ಯಾವುದೋ ಊರಿನಲ್ಲಿ ಮೊಬೈಲ್ ಅಂಗಡಿಯ ಬಿಲ್ಲು ಹೊಡೆಯುವ ಕೆಲಸ ಗೊತ್ತುಮಾಡಿ ಕೂತಿದ್ದ. "ಅಲ್ಲಿ ಏನೂ ಸದ್ದಿಲ್ಲಂತ್ರಿ ಮೇಡಮ್ಮರ, ಎಸಿ ಅದಾವಂತ" ಎಂದು ಹೇಳುವಾಗ ಜೈಲಿಗೆ ಹೊರಟವಳ ಮುಖ ಮಾಡಿದ್ದಳು.

ಅವಳ ಆ ಮುಖ ನೋಡಲಾಗದೆ ನಾನೇ ಕಾರ್ಖಾನೆಗೆ ಹೋಗಿ ಅವಳ ಮಾತು ತೆಗೆದೆ. ಮ್ಯಾನೇಜರು ಹೊಸಮನಿ ಸಾಹೇಬರು. ಊರಿನಲ್ಲೆಲ್ಲ ಸಿಡುಕರೆಂದು ಹೆಸರಾದವರು. ಅವರಿಗೊಂದು ಟೇಬಲ್ಲಿತ್ತು, ಒಂದು ಕುರ್ಚಿಯಿತ್ತು, ಮಿಷನ್ನಿರಲಿಲ್ಲ. ಮಿಷನ್ನಿಲ್ಲದವರಿಗೆ ನಮ್ಮೂರಿನಲ್ಲಿ ರಜೆಯೂ ಇಲ್ಲ ಎನ್ನುವುದು ಆಗ ನನಗೆ ಹೊಳೆದಿರಲಿಲ್ಲ.

"ಮೇಡಮ್ಮರ, ಸಿಟ್ಟಾಗಬ್ಯಾಡ್ರಿ," ಎಂದರು. "ನಿಮ್ಮ ಹುಡುಗ್ರು ಶ್ಯಾಣ್ಯಾ ಅದಾರ, ಒಪ್ತೀನಿ. ಆದ್ರ ಅವರು ಬೆಳೆದದ್ದು ರಜಾ ಹಾಕದ ಮಿಷನ್ ಮುಂದ. ನಮ್ಮ ಮಿಷನ್ ಒಂದಿನ ಗಪ್ ಕುಂತ್ರ ಅವರಿಗೆ ಹುಚ್ಚ ಹಿಡಿತೈತಿ."

"ಹಿಡಿಯಂಗಿಲ್ರಿ. ನಾ ಕಲಸ್ತೀನಿ."

"ಏನ್ ಕಲಸ್ತೀರಿ?" ಎಂದು ನಕ್ಕವರು, ಎದುರಿಗಿದ್ದ ಆರ್ಡರಿನ ಕಾಗದಗಳನ್ನು ನೋಡಿ ನಗು ನಿಲ್ಲಿಸಿದರು. "ಹಂಗಾರ ಒಂದ್ ಮಾತು. ನಾಳೆ ಯಾವ ಮಿಷನ್ ರಜಾ ಹಾಕತೈತಿ ಅಂತ ಇವತ್ತ ಹೇಳುವಂಗ ಮಾಡ್ರಿ. ಇಷ್ಟ ವರ್ಷ ನಾ ತಲಿ ಚಚ್ಚಿಕೊಂಡ್ರೂ ತಿಳಿದಿಲ್ಲ. ನೀವು ಹೇಳಿದ್ರ ಗೇಟ್ ತಗೀತೀನಿ, ಆ ಹುಡುಗಿಗೆ ಮೊದಲ ಕೆಲಸ ಕೊಡ್ತೀನಿ."

ಕ್ಲಾಸಿಗೆ ಬಂದು ಹೇಳಿದಾಗ ಹುಡುಗರು ಹೋ ಎಂದು ಬೆಂಚು ಬಡಿದರು. ಬಡಿಯಲಿ ಬಿಡಿ, ಅವರಿಗೇನು ಗೊತ್ತು. ಮರುದಿನದಿಂದ ನನ್ನ ಪಾಠ ಕಾರ್ಖಾನೆಗೆ ವರ್ಗವಾಯಿತು. ಚಪ್ಪಲಿ ಹಾಕಿಕೊಂಡು ಬಂದವರನ್ನು ಬೂಟಿಗಾಗಿ ಮನೆಗೆ ಅಟ್ಟಿದೆ. ಕೂದಲು ಇಳಿಬಿಟ್ಟವರಿಗೆ ಕಟ್ಟಿಸಿದೆ. ಹಿತ್ತಾಳೆಯ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ ಬಂದಾಗ ಇಮ್ತಿಯಾಜ್ ಎಂಬ ನನ್ನ ಕ್ಲಾಸಿನ ಜಾಣ ಮೇಜಿನ ಕೆಳಗೆ ನುಗ್ಗಿದ. ಎಣ್ಣೆ ಕೈ ಒರೆಸಿಕೊಳ್ಳುವುದಕ್ಕೆ ಅವನಿಗೆ ಒಂದು ವಾರ ಟಿಶ್ಯೂ ಪೇಪರೇ ಬೇಕಾಯಿತು. "ಮೇಡಮ್ಮರ, ತಪ್ಪು ತೂತು ಬಿದ್ರ ಅಳಸೋದು ಹೆಂಗ್ರಿ?" ಎಂದು ಅವನು ಕೇಳಿದಾಗ ಡ್ರಿಲ್ಲಿಂಗ್ ಮಿಷನ್ನಿನ ಯಮನಪ್ಪ ಬಿದ್ದು ಬಿದ್ದು ನಕ್ಕ. ಆಮೇಲೆ ತಪ್ಪು ತೂತು ಬಿದ್ದ ಒಂದು ನಲ್ಲಿಯನ್ನು ಅವನ ಕೈಗಿತ್ತು, "ಇದನ್ನ ಮನೀಗೆ ಒಯ್ದು ದಿನಾ ಬೆಳಿಗ್ಗೆ ನೋಡು. ಹಂಗ ಅಳಸಬೇಕು" ಎಂದ. ನನ್ನ ಅರ್ಧ ವರ್ಷದ ಪಾಠ ಅಷ್ಟರಲ್ಲಿ ಮುಗಿದಿತ್ತು. ಪರದೆಯ ಮೇಲೆ ತಿದ್ದುವವರಿಗೆ ತಿದ್ದಲಾಗದ್ದು ಒಂದಿದೆ ಎಂದು ಗೊತ್ತಾಗಬೇಕು, ಮಿಕ್ಕದ್ದೆಲ್ಲ ತಾನಾಗಿ ಬರುತ್ತದೆ.

ಮಹಾನಂದಾಳಿಗೆ ಇದಾವುದೂ ಬೇಕಿರಲಿಲ್ಲ. ಅವಳು ತವರಿಗೆ ಬಂದವಳ ಹಾಗೆ ಓಡಾಡಿದಳು. ಅಲುಗಾಟ ಅಳೆಯುವ ಸಣ್ಣ ಸಣ್ಣ ಸೆನ್ಸರುಗಳನ್ನು ಮಿಷನ್ನುಗಳ ಬುಡದಲ್ಲಿ, ಮೋಟರಿನ ಹತ್ತಿರ ಅಂಟಿಸಿದೆವು. ಪುಸ್ತಕದಲ್ಲಿ ಹಾಗೇ ಇತ್ತು. ಕಾರ್ಖಾನೆಯ ಮೂಲೆಯ ಸ್ಟೋರ್ ರೂಮಿನಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡಳು. ಎಲ್ಲ ಸೆನ್ಸರುಗಳ ಮಾತು ಅಲ್ಲಿಗೆ ಬರುತ್ತಿತ್ತು. ಅದರ ಮುಂದೆ ಅವಳೊಬ್ಬಳೇ ಕೂರುತ್ತಿದ್ದಳು; ಮಿಕ್ಕವರಿಗೆ ಆ ರೂಮಿನ ಧೂಳು ಆಗಿಬರುತ್ತಿರಲಿಲ್ಲ. ಸಂಜೆ ಲ್ಯಾಬಿಗೆ ಬಂದು ಬೋರ್ಡಿನ ಮೇಲೆ ನಾಳೆ ರಜೆ ಹಾಕುವ ಮಿಷನ್ನಿನ ಹೆಸರು ಬರೆಯುತ್ತಿದ್ದಳು. ಬೆಳಿಗ್ಗೆ ಇಮ್ತಿಯಾಜ್ ಸೈಕಲ್ಲಿನಲ್ಲಿ ಹೋಗಿ ನೋಡಿ ಬರುತ್ತಿದ್ದ. ಬರೆದದ್ದು ಲೇತು, ರಜೆ ಹಾಕಿದ್ದು ಪಾಲಿಶ್ ಮಿಷನ್ನು. ಬರೆದದ್ದು ಪಾಲಿಶ್, ಅಂದು ಎಲ್ಲವೂ ಹಾಜರು. ವಾರಗಟ್ಟಲೆ ಇದೇ ಹಾಡು. ಹೊಸಮನಿಯವರು ದಾರಿಯಲ್ಲಿ ಸಿಕ್ಕರೆ ನಾನು ತರಕಾರಿ ಅಂಗಡಿಯೊಳಗೆ ನುಗ್ಗಿ ಬೇಡವಾದ ಬದನೆಕಾಯಿ ಕೊಳ್ಳುತ್ತಿದ್ದೆ.

ಆಮೇಲೆ ಒಂದು ದಿನ ಮಿಷನ್ನಿನ ಬುಡದಲ್ಲಿ ಎಣ್ಣೆನೀರು ಸುರಿದು ಸೆನ್ಸರುಗಳು ಕೆಟ್ಟವು. ಬುಡದಲ್ಲಿದ್ದರೆ ಇದೇ ಗತಿ ಎಂದು ಮಹಾನಂದಾ ಹೊಸ ಸೆನ್ಸರುಗಳನ್ನು ಮೇಲಕ್ಕೆ, ಒಣಗಿದ ಜಾಗಕ್ಕೆ ತಂದಳು. ಡ್ರಿಲ್ಲಿಂಗಿನ ಹಿಡಿಕೆಗೆ ಒಂದು, ಲೇತಿನ ಚಕ್ರದ ಹಿಡಿಗೆ ಒಂದು, ಹೀಗೆ. ಅವಳ ಪಾಲಿಗೆ ಹಿಡಿಕೆಯೂ ಮಿಷನ್ನಿನದೇ ಒಂದು ಭಾಗ, ನನ್ನ ಪಾಲಿಗೂ ಅಷ್ಟೇ. ಅಂದಿನಿಂದ ಬೋರ್ಡಿನ ಮೇಲೆ ಬರೆದದ್ದು ನಿಜವಾಗತೊಡಗಿತು. ಮೊದಲ ಸಲ ನಕ್ಕೆವು. ಎರಡನೆಯ ಸಲ ಚಪ್ಪಾಳೆ ಹೊಡೆದೆವು. ಆಮೇಲಾಮೇಲೆ ಇಮ್ತಿಯಾಜ್ ಸೈಕಲ್ಲಿನಿಂದ ಇಳಿದು ಬಾಗಿಲಲ್ಲಿ ನಿಂತು ಸುಮ್ಮನೆ ತಲೆಯಾಡಿಸುತ್ತಿದ್ದ, ನಮಗೆಲ್ಲ ಮೈ ಜುಮ್ಮೆನ್ನುತ್ತಿತ್ತು.

ಸುದ್ದಿ ಹೊಸಮನಿಯವರ ಕಿವಿಗೆ ಬಿತ್ತು. ತಾವೇ ಕಾಲೇಜಿಗೆ ಬಂದರು. "ಸೋಮವಾರ ಎಲ್ಲಾರ ಮುಂದ ತೋರಸ್ರಿ," ಎಂದರು. "ಹಿಂದಿನ ದಿನ ಗೊತ್ತಾದ್ರ ಸಾಕು, ಆ ಆಳನ್ನ ಬೇರೆ ಮಿಷನ್ನಿಗೆ ಸರಿಸಿ ಹೊಸಬನ್ನ ನಿಲ್ಲಸ್ತೀನಿ. ಹೊಸ ಕೈ ಬಿದ್ರ ಮಿಷನ್ನಿಗೆ ರಜಾ ನೆನಪಿಗೆ ಬರಂಗಿಲ್ಲ. ಮಹಾನಂದಾ, ನಿನ್ನ ಕುರ್ಚಿ ತಯಾರ್ ಐತಿ ತಂಗಿ." ಅವಳ ಮುಖ ಅರಳಿದ್ದನ್ನು ನೋಡಿ ನನ್ನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

ಎರಡು ದಿನ ಕಳೆದಿರಬೇಕು. ಅವಳು ನನ್ನ ಸ್ಟಾಫ್ ರೂಮಿಗೆ ಬಂದು ನಿಂತಳು. ಮುಖ ಹುಳ್ಳಗಾಗಿತ್ತು.

"ಮೇಡಮ್ಮರ, ಮೊನ್ನೆ ಯಮನಪ್ಪ ಕಾಕಾ ಊಟಕ್ಕ ಹ್ವಾದಾಗ ಬಾಜೂ ಲೇತಿನವ ಸ್ವಲ್ಪ ಹೊತ್ತು ಡ್ರಿಲ್ಲಿಂಗ್ ಹಿಡಿದಿದ್ದರಿ. ಅವ ಹಿಡಿದ ಕೂಡ್ಲೆ ಪರದೆ ಮ್ಯಾಲಿನ ಗೆರಿ ಬದಲಾತು. ಕಾಕಾ ಬಂದು ಹಿಡಿದ್ರು, ಮತ್ತ ಮೊದಲಿನಂಗ ಆತು."

"ಅಂದ್ರ?"

"ಅಂದ್ರ ನಾವು ಅಳೆದದ್ದು ಮಿಷನ್ ಅಲ್ರಿ. ಕೈ."

ನಾನು ಕುರ್ಚಿ ಎಳೆದು ಅವಳನ್ನು ಕೂರಿಸಿದೆ. ಅವಳು ಮುಂದುವರಿಸಿದಳು. ಅಂದು ಸಂಜೆ ಬೋರ್ಡಿನ ಮೇಲೆ ಡ್ರಿಲ್ಲಿಂಗ್ ಎಂದು ಬರೆದಿದ್ದಳು, ಮರುದಿನ ಡ್ರಿಲ್ಲಿಂಗ್ ರಜೆ ಹಾಕಿತ್ತು. ಅವಳು ನೇರ ಯಮನಪ್ಪನ ಮನೆಗೆ ಹೋಗಿದ್ದಳು. ಅವನು ನಡುಹಗಲಿನಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಮಗಳು ಬಾಣಂತನಕ್ಕೆ ಬಂದಿದ್ದಳಂತೆ, ಅವಳಿ ಕೂಸುಗಳು, ಒಂದು ಮಲಗಿದರೆ ಇನ್ನೊಂದು ಅಳುತ್ತಿತ್ತಂತೆ. ವಾರದಿಂದ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಆಮೇಲೆ ನಾವಿಬ್ಬರೂ ಕುತೂಹಲ ತಡೆಯಲಾರದೆ ಮನೆ ಮನೆ ತಿರುಗಿದೆವು. ನೋಡೇಬಿಡೋಣ ಎಂದು. ನಿಮ್ಮ ಮಿಷನ್ ಕೊನೆಯ ಸಲ ರಜೆ ಹಾಕಿದಾಗ ಹಿಂದಿನ ದಿನಗಳಲ್ಲಿ ನಿಮ್ಮ ಮನೆಯಲ್ಲಿ ಏನು ನಡೆದಿತ್ತು? ಪಾಲಿಶಿನವನು ಹಲ್ಲುನೋವನ್ನು ಹೆಂಡತಿಗೆ ಹೇಳದೆ ಬಚ್ಚಿಟ್ಟಿದ್ದ. ಎರಕದವನು ತಮ್ಮನ ಜೊತೆ ಜಗಳವಾಡಿ ಮಾತು ಬಿಟ್ಟಿದ್ದ, ರಜೆಯ ದಿನ ಬೇರೆ ಕೆಲಸವಿಲ್ಲದೆ ಅವನ ಮನೆಗೇ ಹೋಗಿ ಕೂತಿದ್ದ. ಇನ್ನೊಬ್ಬ ಬಹಳ ಹೊತ್ತು ಯೋಚಿಸಿ, "ಏನೂ ಇರಲಿಲ್ರಿ, ಸುಮ್ನ ಬ್ಯಾಸರಾಗಿತ್ತು" ಎಂದ. ಅವರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಮಿಷನ್ನಿನ ಮರ್ಜಿ ಎಂದೇ ಎಲ್ಲರೂ ತಿಳಿದಿದ್ದರು, ಅವರಪ್ಪಂದಿರೂ ಹಾಗೆಯೇ ತಿಳಿದಿದ್ದರು.

ಮನೆಗೆ ಬಂದು ಚಹಾ ಇಟ್ಟೆ, ಕುಡಿಯಲಾಗಲಿಲ್ಲ. ನನ್ನ ಹಳೆಯ ಸ್ಕೂಟರು ನೆನಪಾಯಿತು. ನನ್ನ ಯಜಮಾನರು ತೀರಿಕೊಂಡ ಕೆಲವೇ ದಿನಕ್ಕೆ ನಾನು ಸೀರೆ ಇಸ್ತ್ರಿ ಮಾಡಿಕೊಂಡು ಕಾಲೇಜಿಗೆ ಹೊರಟಿದ್ದೆ. ಗಟ್ಟಿಗಿತ್ತಿ ಎನ್ನಿಸಿಕೊಳ್ಳಬೇಕಿತ್ತು. ಸ್ಕೂಟರು ಅಲುಗಲಿಲ್ಲ. ಒದ್ದೆ, ಬೈದೆ, ಕೊನೆಗೆ ಅಂಗಳದಲ್ಲಿ ಅದಕ್ಕೆ ಒರಗಿ ಕೂತು ಮನಸಾರೆ ಅತ್ತೆ. ಅದುವರೆಗೆ ಅತ್ತಿರಲಿಲ್ಲ. ಮುಂದಿನ ತಿಂಗಳು ಅದನ್ನು ಯಾರಿಗೋ ಕೊಟ್ಟುಬಿಟ್ಟೆ, ನಂಬಿಕೆಗೆ ಯೋಗ್ಯವಲ್ಲ ಎಂದು. ಈಗ ಅದು ಎಲ್ಲಿದೆಯೋ, ಯಾರನ್ನು ಹೊತ್ತು ತಿರುಗುತ್ತಿದೆಯೋ.

ಭಾನುವಾರ ಮಧ್ಯಾಹ್ನ ಮಹಾನಂದಾ ನನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣು ಒಳಕ್ಕೆ ಹೋಗಿದ್ದವು. ನಿದ್ದೆ ಮಾಡಿ ಎಷ್ಟು ದಿನವಾಯಿತೋ.

"ಇದನ್ನ ಸಾಹೇಬರಿಗೆ ಕೊಟ್ರ ಏನಾಗತೈತ್ರಿ?" ಎಂದಳು.

"ನಿನಗ ಕೆಲಸ ಸಿಗತೈತಿ."

"ಕಾಕಾಗ?"

ಸುಳ್ಳೇಕೆ, ನನಗೂ ಆಸೆಯಿತ್ತು. ನನ್ನ ವಿಭಾಗದ ಹುಡುಗಿಯೊಬ್ಬಳು ಆ ಗೇಟಿನಲ್ಲಿ ತಲೆಯೆತ್ತಿ ಹೋಗುವುದನ್ನು ನೋಡಬೇಕಿತ್ತು. "ಕೈ ವಿಷಯ ಹೇಳಬ್ಯಾಡ," ಎಂದೆ. "ಮಿಷನ್ ಹೆಸರಷ್ಟ ಹೇಳು. ಉಳಿದದ್ದು ಅವರಿಗೆ ಯಾಕ ಬೇಕು?"

"ಹೆಸರಷ್ಟ ಹೇಳಿದ್ರೂ ದಣದವ್ರನ್ನ ಸರಿಸಿ ಹೊಸಬ್ರನ್ನ ನಿಲ್ಲಸ್ತಾರ್ರಿ. ಮಿಷನ್ ರಜಾ ಹಾಕಂಗಿಲ್ಲ. ರಜಾ ಹಾಕದಿದ್ರ ಕಾಕಾಗ ಯಾವಾಗ ನಿದ್ದಿ?" ಅವಳ ಕಣ್ಣು ತುಂಬಿತು. "ಸಣ್ಣಾಕಿ ಇದ್ದಾಗಿಂದ ಆ ಗೋಡಿ ಆಕಡೆ ಹೋಗಬೇಕು ಅಂತಿದ್ದೆ ಮೇಡಮ್ಮರ. ಆದ್ರ ಹಿಂಗ ಹೋಗಾಕ ಒಲ್ಲೆ."

"ಹಂಗಾರ ಮಾವ ಹೇಳಿದ ಅಂಗಡಿಗೆ ಹೋಗ್ತೀಯಾ?"

"ಹೋಗ್ತೀನ್ರಿ," ಎಂದು ಮೂಗು ಒರೆಸಿಕೊಂಡಳು. "ಎಸಿ ಐತಂತಲ್ರಿ."

ಅವಳು ಹೋದ ಮೇಲೂ ಆ 'ಒಲ್ಲೆ' ನನ್ನ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಎಷ್ಟು ಬೈದು ಕಲಿಸಿದ್ದೆ ಈ ಹುಡುಗರಿಗೆ, ಕಾರ್ಖಾನೆಗೆ ಹೋಗುವುದಕ್ಕೆ ಏನೇನು ಬೇಕು ಎಂದು. ಬೂಟು, ಜಾಗ್ರತೆ, ಅಳತೆ, ಹೊತ್ತಿಗೆ ಸರಿಯಾಗಿ ಬರುವುದು. ಇದನ್ನು ಮಾತ್ರ ನಾನು ಕಲಿಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಭೋಂಗಾಕ್ಕೆ ಮೊದಲೇ ಸ್ಟೋರ್ ರೂಮಿನ ಬಾಗಿಲಲ್ಲಿ ಆಳುಗಳು ತುಂಬಿದ್ದರು. ಹಿಂದಿನವರು ಮುಂದಿನವರ ಹೆಗಲ ಮೇಲೆ ಗದ್ದ ಇಟ್ಟು ಇಣುಕುತ್ತಿದ್ದರು. ರಜೆ ಮುಗಿಸಿ ಬಂದಿದ್ದ ಯಮನಪ್ಪ ಎಲ್ಲರಿಗಿಂತ ಮುಂದೆ. ಒಳಗೆ ಲೈಟು ಉರಿಯುತ್ತಿತ್ತು, ಮೇಲೆ ಫ್ಯಾನು ತಿರುಗುತ್ತಿತ್ತು. ಹೊಸಮನಿಯವರು ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದರು. ಕಂಪ್ಯೂಟರ್ ಇನ್ನೂ ಹಚ್ಚಿರಲಿಲ್ಲ. ಮಹಾನಂದಾ ಅದರ ಮುಂದೆ ನಿಂತಳು, ಕೂರಲಿಲ್ಲ.

"ಸರ್, ಇದು ನಾಳೆ ರಜಾ ಹಾಕೋ ಮಿಷನ್ ಯಾವುದು ಅಂತ ಹೇಳತೈತಿ, ಖರೆ," ಎಂದಳು. "ಆದ್ರ ಇದು ಮಿಷನ್ ನೋಡಿ ಹೇಳಂಗಿಲ್ರಿ. ಹಿಡಿಕಿ ಹಿಡಿದ ಕೈ ನೋಡಿ ಹೇಳತೈತಿ. ಯಾರ ಕೈ ದಣದೈತಿ, ಯಾರಿಗೆ ಮನ್ಯಾಗ ತ್ರಾಸ ಐತಿ, ಅವರ ಮಿಷನ್ ರಜಾ ಹಾಕತೈತ್ರಿ. ಇದನ್ನ ನಾ ನಿಮಗ ಕೊಡಂಗಿಲ್ಲ. ಕೆಲಸ ಕೊಡದಿದ್ರೂ ಅಡ್ಡಿಯಿಲ್ಲ."

ಯಮನಪ್ಪ ತನ್ನ ಎರಡೂ ಅಂಗೈಗಳನ್ನು ಮುಖದ ಮುಂದೆ ಹಿಡಿದು, ಇವು ತನ್ನವೇ ಹೌದೋ ಅಲ್ಲವೋ ಎಂಬಂತೆ ನೋಡಿಕೊಂಡ. ಅವನನ್ನು ನೋಡಿ ಹಿಂದಿನವನೂ ನೋಡಿಕೊಂಡ. ಹಾಗೆ ಬಾಗಿಲ ತುಂಬ ಮಂದಿ ತಮ್ಮ ತಮ್ಮ ಕೈ ನೋಡಿಕೊಳ್ಳುತ್ತ ನಿಂತರು. ಪಾಲಿಶಿನವನು ಹಿಂದಕ್ಕೆ ತಿರುಗಿ ತನ್ನ ಮಿಷನ್ನಿನ ಕಡೆ ಒಮ್ಮೆ ನೋಡಿದ, ಇಷ್ಟು ದಿನ ಗೊತ್ತೇ ಆಗಲಿಲ್ಲವಲ್ಲೋ ಎನ್ನುವ ಹಾಗೆ.

ಹೊಸಮನಿಯವರ ಮುಖ ಕೆಂಪಗಾಯಿತು. "ಭಾಳ ಚಲೋ ಆತು! ದಣದ ಕೈ ಯಾವುದು ಅಂತ ಮ್ಯಾನೇಜರಿಗೆ ಗೊತ್ತಾಗಬಾರದೇನು? ಆರ್ಡರ್ ಮುಗಸಾವ್ರು ಯಾರು, ನಿಮ್ಮ ಅಪ್ಪಾ? ನೀ ಹೇಳೋದು ಬ್ಯಾಡ, ಸರಿ. ನಾ ಮಿಷನ್ನಿಗೇ ಕೇಳ್ತೀನಿ" ಎಂದವರೇ ಅವಳನ್ನು ದಾಟಿ ಬಗ್ಗಿ ಗುಂಡಿ ಒತ್ತಿದರು.

ಏನೂ ಆಗಲಿಲ್ಲ.

ಮತ್ತೆ ಒತ್ತಿದರು. ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಇಮ್ತಿಯಾಜ್ ಓಡಿ ಹೋಗಿ ವೈರು ನೋಡಿದ, ಪ್ಲಗ್ಗು ಕಿತ್ತು ಹಾಕಿದ, ಬೇರೆ ಪಾಯಿಂಟಿಗೆ ಚುಚ್ಚಿದ. ಅವನೇ ನಿಧಾನಕ್ಕೆ ಎದ್ದು ನಿಂತು ನನ್ನ ಕಡೆ ನೋಡಿದ. ಇಷ್ಟು ವರ್ಷ ಆ ವಿಭಾಗದಲ್ಲಿ ಕಳೆದಿದ್ದೇನೆ, ಇದನ್ನು ನಾನು ನೋಡಿರಲಿಲ್ಲ.

"ಅಯ್ಯ ಶಿವನೇ," ಎಂದ ಯಮನಪ್ಪ. "ರಜಾ ಹಾಕೇತಿ."

ಒಬ್ಬ ನಕ್ಕ, ಇನ್ನೊಬ್ಬ ನಕ್ಕ, ಆಮೇಲೆ ಯಾರೂ ನಗಲಿಲ್ಲ. ಯಮನಪ್ಪ ಮಹಾನಂದಾಳ ಕಡೆ ತಿರುಗಿದ. "ಏನ್ ನೋಡಾಕತ್ತೀಯವ್ವಾ? ನಿನ್ನ ಮಿಷನ್ ಅದು. ವೇಲ್ ಹೊದಿಸು." ಅವಳು ಹೆಗಲ ಮೇಲಿನ ವೇಲು ತೆಗೆದು, ಬಿಡಿಸಿ, ಪರದೆಯ ಮೇಲೆ ಹೊದಿಸಿದಳು. ಅಂಚು ಎಳೆದು ಸರಿ ಮಾಡಿದಳು. ಮಾಡುತ್ತ ಮಾಡುತ್ತ ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು.

ಹೊಸಮನಿಯವರ ಕೈ ವೇಲಿನ ಕಡೆ ಹೋಗಿ ಅರ್ಧದಲ್ಲಿ ನಿಂತಿತು. ಹೊದಿಸಿದ್ದನ್ನು ಎತ್ತುವಂತಿಲ್ಲ.

"ಸಾಹೇಬರ," ಎಂದ ಯಮನಪ್ಪ, ಬಹಳ ಮರ್ಯಾದೆಯಿಂದ. "ಮಿಷನ್ ರಜಾ ಹಾಕಿದ್ರ ಅದರ ಆಳಿಗೂ ರಜಾ, ಪಗಾರ ಸಮೇತ. ನಮ್ಮಪ್ಪನ ಕಾಲದಿಂದ ಬಂದದ್ದು. ಆದ್ರ ಈಕಿ ಹೆಸರು ಹಾಜರ್ಯಾಗ ಇಲ್ಲಲ್ರಿ. ಹೆಸರ ಇಲ್ಲದ ಆಳಿಗೆ ರಜಾ ಹೆಂಗ ಕೊಡ್ತೀರಿ?"

"ಕೊಡಂಗಿಲ್ಲ."

"ಕೊಡದಿದ್ರ ಮಿಷನ್ ನಾಳೆ ಬರ್ತೈತೇನ್ರಿ? ಅದನ್ನ ನೋಡಿ ನಮ್ಮವು ಬರ್ತಾವೇನ್ರಿ?"

ಬೆದರಿಕೆಯಲ್ಲ ಅದು. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಹೊಸಮನಿಯವರು ಬಾಗಿಲ ತುಂಬ ನಿಂತವರನ್ನು ನೋಡಿದರು, ವೇಲು ಹೊದ್ದ ಕಂಪ್ಯೂಟರನ್ನು ನೋಡಿದರು. ಆಮೇಲೆ ಗುಮಾಸ್ತನಿಗೆ ಕೂಗಿದರು. "ಹಾಜರಿಗೆ ಹೆಸರ ಹಚ್ಚೋ. ಮಹಾನಂದಾ ಕಮ್ಮಾರ. ಕಂಪ್ಯೂಟರ್ ಮಿಷನ್. ಮುಂದ ಬರಿ, ಇವತ್ತ ರಜಾ."

ಬಾಗಿಲಲ್ಲಿ ಎದ್ದ ಗದ್ದಲದಲ್ಲಿ ಭೋಂಗಾ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಇಮ್ತಿಯಾಜ್ ಎಣ್ಣೆ ಕೈಯಲ್ಲೇ ನನ್ನ ಕಾಲು ಮುಟ್ಟಿ ಸೀರೆ ಹಾಳುಮಾಡಿದ. ಯಮನಪ್ಪ ಹೊರಟವನು ತಿರುಗಿ ನಿಂತು ಕಿಸಕ್ಕನೆ ನಕ್ಕ. "ಸಾಹೇಬರ, ಒಂದ್ ಮಾತು. ಇವತ್ತ ಗುಂಡಿ ಒತ್ತಿದ ಕೈ ನಿಮ್ದು. ಹಂಗ ನೋಡಿದ್ರ ರಜಾ ನಿಮಗೂ ಬಂದಂಗಾತು."

"ಹೋಗೋ, ಕೆಲಸ ನೋಡು" ಎಂದು ಗದರಿದರು ಅವರು.

ಮಧ್ಯಾಹ್ನ ನಾನು ಪೇಟೆಯಿಂದ ಬರುತ್ತಿದ್ದೆ. ಎದುರಿಗೆ ಹೊಸಮನಿಯವರು, ಬಿಸಿಲಿನಲ್ಲಿ, ಬರಿಗೈಯಲ್ಲಿ. ಈ ಹೊತ್ತಿನಲ್ಲಿ ಅವರನ್ನು ರಸ್ತೆಯ ಮೇಲೆ ನಾನು ನೋಡಿದ್ದೇ ಇಲ್ಲ. ತರಕಾರಿ ಅಂಗಡಿಗೆ ನುಗ್ಗುವಷ್ಟರಲ್ಲಿ ಅವರೇ ಕರೆದರು. ಬೈಯುತ್ತಾರೆಂದುಕೊಂಡೆ. ಅವರು ತಮ್ಮ ಬೂಟನ್ನೇ ನೋಡುತ್ತ, ತಗ್ಗಿದ ದನಿಯಲ್ಲಿ ಕೇಳಿದರು.

"ಮೇಡಮ್ಮರ, ಈ ರಜಾ ಅಂದ್ರ ಮಂದಿ ಏನ್ ಮಾಡ್ತಾರ್ರಿ?"

ನಗು ಬಂತು, ನಗಲಿಲ್ಲ. ಪಾಪ ಎನ್ನಿಸಿತು. "ಮನ್ಯಾಗ ಏನ್ ಉಳದೈತಿ ಅದನ್ನ ಮಾಡ್ತಾರ್ರಿ."

"ನಮ್ಮ ಬಚ್ಚಲದಾಗ ನಲ್ಲಿ ಸೋರತೈತ್ರಿ. ಭಾಳ ವರ್ಷ ಆತು. ನಮ್ಮಾಕಿ ಕೆಳಗ ಬಕೆಟ್ ಇಟ್ಟಾಳ." ಹೇಳಿ ತಾವೇ ಮುಜುಗರಪಟ್ಟು, ಊರಿಗೆಲ್ಲ ನಲ್ಲಿ ಮಾಡಿ ಕಳಿಸುವವರು, ಮನೆಯ ದಾರಿ ಹಿಡಿದರು.

ಮಹಾನಂದಾ ಅಂದು ಮನೆಗೆ ಹೋಗಿ ಮಲಗಿದವಳು ಎದ್ದದ್ದು ಮರುದಿನವೇ. ಬೆಳಿಗ್ಗೆ ನಾನೂ ಹೋದೆ, ನೋಡದೆ ಇರಲಾಗಲಿಲ್ಲ. ಅವಳು ವೇಲು ತೆಗೆದು ಮಡಚಿದಳು, ಪರದೆ ಒರೆಸಿದಳು, "ಬಂದ್ಯಾ?" ಎಂದು ಗುಂಡಿ ಒತ್ತಿದಳು. ಕಂಪ್ಯೂಟರ್ ಹೊತ್ತಿಕೊಂಡಿತು. ಅಷ್ಟರಲ್ಲಿ ಹೊಸಮನಿಯವರು ಬಾಗಿಲಲ್ಲಿ ಕೆಮ್ಮಿದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ನಲ್ಲಿ ಕಚ್ಚಿತ್ತಂತೆ. ಕಣ್ಣು ಮಾತ್ರ ನಿದ್ದೆ ಮಾಡಿದವರ ಕಣ್ಣು.

"ಆ ಪ್ರೋಗ್ರಾಮ್ ಅಳಿಸೀಯೇನು?"

"ಇಲ್ರಿ ಸರ್."

"ಅಳಸಬ್ಯಾಡ. ನನಗೂ ಹೇಳಬ್ಯಾಡ." ಅವರು ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆದರು. "ಯಾರ ಕೈ ಐತಿ, ಅವರಿಗೇ ಹೇಳು. ಹಿಂದಿನ ದಿನ ಗೊತ್ತಾದ್ರ ಅವರು ತಮ್ಮ ಕೆಲಸ ಹೊಂದಿಸ್ಕೊಂತಾರ. ಆರ್ಡರಿಂದು ನಾ ಏನರ ನೋಡ್ಕೋತೀನಿ."

ಈಗ ಸಂಜೆ ಭೋಂಗಾ ಆದ ಮೇಲೆ ಆಳುಗಳು ಮಿಷನ್ನಿನ ಬೆನ್ನು ತಟ್ಟಿ ಸೀದಾ ಮನೆಗೆ ಹೋಗುವುದಿಲ್ಲ. ಸ್ಟೋರ್ ರೂಮಿನ ಕಿಟಕಿಯ ಮುಂದೆ ಸಾಲು ನಿಲ್ಲುತ್ತಾರೆ. "ನಂದೇನವ್ವಾ?" ಎಂದು ಒಬ್ಬೊಬ್ಬರೇ ಕೇಳುತ್ತಾರೆ, ಅವಳು ಒಬ್ಬೊಬ್ಬರಿಗೇ ಮೆಲ್ಲಗೆ ಹೇಳುತ್ತಾಳೆ. ಈ ವರ್ಷ ನನ್ನ ಕ್ಲಾಸಿನಿಂದ ಇನ್ನೂ ಮೂವರು ಆ ಗೇಟಿನೊಳಗೆ ಹೋಗಿದ್ದಾರೆ. ಹೊಸ ಹುಡುಗರಿಗೆ ತೋರಿಸೋಣವೆಂದು ಮೊನ್ನೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಸಾಲು ಕರಗಿ ಕೊನೆಯವರ ಸರದಿ ಬಂದಾಗ ನೋಡಿದರೆ ಹೊಸಮನಿ ಸಾಹೇಬರು. ಆಕಡೆ ಈಕಡೆ ನೋಡಿ ಕಿಟಕಿಯೊಳಗೆ ಕೈ ಚಾಚಿದರು. "ನನ್ನದು ಯಾವ ಹಿಡಿಕೀನೂ ಇಲ್ಲ ತಂಗಿ," ಎಂದರು. "ಹಂಗಾದ್ರೂ ಒಂಚೂರು ನೋಡು." ಮಹಾನಂದಾ ಒಂದು ಸೆನ್ಸರನ್ನು ಒರೆಸಿ ಅವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿಸಿ, ಪರದೆಯ ಕಡೆ ತಿರುಗಿದಳು.

"ಗಟ್ಟಿ ಹಿಡೀರಿ ಸರ್," ಎಂದಳು.